ಬಣ್ಣದ ಮೇಲೆ ಕೂತ ಬೋಲ್ಟು

ಆ ಕಾರ್ ಎಲೆಕ್ಟ್ರಿಷಿಯನ್ನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಮೀಟರ್ ಎಂದು. ಅಂಗಿಯ ಜೇಬಿನಿಂದ ಸದಾ ಕರೆಂಟು ಅಳೆಯುವ ಒಂದು ಮೀಟರ್ ಇಣುಕುತ್ತಿತ್ತು. ಇಣುಕುತ್ತಿತ್ತು ಅಷ್ಟೇ, ಹೊರಗೆ ಬರುವುದು ಅಪರೂಪ. ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವನಿಗೆ ಕಿವಿಯೇ ಸಾಕಾಗಿತ್ತು. ಸ್ಟಾರ್ಟರ್ ಕೆಮ್ಮಿದ್ದು ಕೇಳಿಯೇ "ಬ್ಯಾಟರಿ ಹೋಗಿದೆ" ಎಂದು ತೀರ್ಪು ಕೊಡುತ್ತಿದ್ದ. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು. ಉಳಿದೆರಡು ಸಲ ತಪ್ಪು ಬೇರೆ ಯಾರದೋ ಆಗಿರುತ್ತಿತ್ತು.

ವ್ಯಾನಮ್ಮನ ಕಾರಿನ ವಿಷಯದಲ್ಲಿ ಆ ಬೇರೆ ಯಾರೋ ಅವನ ಸ್ವಂತ ಭಾವ, ಅಕ್ಕನ ಗಂಡ.

ವ್ಯಾನಮ್ಮನಿಗೆ ಶಾಲಾಮಕ್ಕಳನ್ನು ಸಾಗಿಸುವ ಒಂಬತ್ತು ವ್ಯಾನುಗಳಿದ್ದವು. ಜೊತೆಗೆ ಅವಳಪ್ಪ ಬಿಟ್ಟುಹೋದ ಮೂವತ್ತು ವರ್ಷದ ಹಳೆಯ ಕಾರು. ಮೀಟರಿನ ಅಂಗಡಿಯಿಂದ ಎರಡು ಬಾಗಿಲು ಆಚೆ ಬಣ್ಣದ ಶೆಡ್ಡು ಇಟ್ಟಿದ್ದ ಭಾವನಿಗೆ ಅವಳು ಮೊದಲು ಆ ಕಾರು ಕೊಟ್ಟಳು. "ಇದು ಚೆನ್ನಾಗಿ ಬರ್ಲಿ, ಆಮೇಲೆ ಒಂಬತ್ತೂ ನಿಮ್ಮವೇ." ಬಿಚ್ಚಿ ಮತ್ತೆ ಕೂಡಿಸುವ ವೈರಿಂಗ್ ಕೆಲಸ ಮೀಟರಿನದು. ಕಾರು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತ ಹೊರಬಂತು.

ತಿಂಗಳೊಪ್ಪತ್ತಿನಲ್ಲಿ ಚೇಷ್ಟೆ ಶುರುವಾಯಿತು. ಹಾರ್ನ್ ಒತ್ತಿದರೆ ಹೆಡ್‌ಲೈಟು ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೂ ಜೊತೆಗೂಡಿ ಕಣ್ಣು ಮಿಟುಕಿಸುವುದು. ಲೈಟು ಹಾಕಿದೊಡನೆ ಎಂಜಿನ್ ಕಾದಿದೆಯೆಂದು ಮುಳ್ಳು ಮೇಲೇರುವುದು. ಮೀಟರ್ ಬ್ಯಾಟರಿ ಬದಲಿಸಿದ, ಸ್ಟಾರ್ಟರ್ ಬದಲಿಸಿದ, ಡೈನಮೋ ಬದಲಿಸಿದ. ಇನ್ನು ಬದಲಿಸಲು ಉಳಿದಿದ್ದವಳು ವ್ಯಾನಮ್ಮ ಒಬ್ಬಳೇ. ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಾಗ, ನಡುಬೀದಿಯಲ್ಲಿ, ಹತ್ತು ಜನರ ಮುಂದೆ ಅವನೆಂದ:

"ಬಣ್ಣದೋರು ನೀರು ಹೊಡ್ದು ಹೊಡ್ದು ವೈರಿಂಗ್ ಕೊಳೆಸಿಬಿಟ್ಟಿದಾರೆ ಮೇಡಂ. ನಮ್ಮ ಭಾವನೇ. ಆದ್ರೂ ನ್ಯಾಯ ನ್ಯಾಯವೇ."

ಒಂಬತ್ತು ವ್ಯಾನುಗಳು ಬೇರೆ ಶೆಡ್ಡು ನೋಡಿಕೊಂಡವು. ಭಾವ ತುಟಿ ಬಿಚ್ಚಲಿಲ್ಲ. ಎರಡು ತಿಂಗಳಿಗೆ ಶೆಡ್ಡಿನ ಬಾಗಿಲು ಮುಚ್ಚಿ, ಊರಾಚೆ ಬಸ್ಸಿಗೆ ಬಣ್ಣ ಬಳಿಯುವಲ್ಲಿ ಇನ್ನೊಬ್ಬರ ಕೈಕೆಳಗೆ ಸೇರಿದ. ಅಕ್ಕ ಫೋನ್ ಮಾಡುವುದನ್ನು ನಿಲ್ಲಿಸಿದಳು.

ಮೊನ್ನೆ ಆ ಕಾರು ಮತ್ತೆ ಬಂತು, ವ್ಯಾನಮ್ಮನ ಜೊತೆಗೇ. ಸ್ಟಾರ್ಟ್ ಮಾಡಲು ಹೆಣಗಾಡಬೇಕು, ಆಕ್ಸಿಲರೇಟರ್ ಒತ್ತಿದರೆ ಮೇಲೆ ಬರುತ್ತಿಲ್ಲ. ಅದರ ಕೇಬಲ್ ಎಳೆದು ನೋಡಹೋದ ಮೀಟರ್ ಬೆರಳು ಸುಟ್ಟುಕೊಂಡ. ಎಳೆಯಲು ಇರುವ ಕೇಬಲ್ಲು ಬಿಸಿಯಾಗುವುದೆಂದರೇನು? ಅದರಲ್ಲಿ ಕರೆಂಟು ಹರಿಯಲೇಬಾರದು. ಹರಿಯುತ್ತಿದೆಯೆಂದರೆ ಎಂಜಿನ್ನಿನಿಂದ ಬ್ಯಾಟರಿಗೆ ಹಿಂತಿರುಗುವ ಹೆದ್ದಾರಿ ಎಲ್ಲೋ ಕಟ್ಟಿಕೊಂಡು, ಕರೆಂಟು ಈ ಸಂದಿಯಲ್ಲಿ ನುಗ್ಗುತ್ತಿದೆ.

ಕಡೆಗೂ ಜೇಬಿನ ಮೀಟರ್ ಹೊರಗೆ ಬಂತು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ. "ಒಂದ್ಸಲ ಸ್ಟಾರ್ಟ್ ಹೊಡೀರಿ ಮೇಡಂ." ಅರ್ಧ ವೋಲ್ಟೂ ದಾಟಬಾರದ ಅಂಕಿ ಮೂರು ದಾಟಿತು. ಆ ಹಿಂತಿರುಗುವ ದಾರಿಯಾದ ಅರ್ತ್ ವೈರನ್ನು ಕಾರಿನ ಮೈಗೆ ಕಚ್ಚಿಸಿದ್ದ ಬೋಲ್ಟು ಬಿಚ್ಚಿದ. ಕೆಳಗೆ ಅಚ್ಚ ನೀಲಿ ಬಣ್ಣ, ಹೊಳೆಯುತ್ತಿತ್ತು. ಕರೆಂಟು ಹಾಯಲು ಬರೀ ಲೋಹವಿರಬೇಕಾದ ಜಾಗವದು. ಇಷ್ಟು ದಿನ ಬೋಲ್ಟಿನ ಎರಡು ಸುತ್ತು ಹಲ್ಲುಗಳೇ ಲೋಹಕ್ಕೆ ತಾಗಿ ಕಾರನ್ನು ಹೇಗೋ ತಳ್ಳಿಕೊಂಡು ಬಂದಿದ್ದವು.

ನೆನಪು ತಾನಾಗಿ ಬಂತು, ಯಾರೂ ಕರೆಯದೆ. ಬಣ್ಣದ ದಿನ ಭಾವ ಅಲ್ಲಿ ಬಣ್ಣ ತಾಗದಂತೆ ದುಂಡಗೆ ಟೇಪು ಅಂಟಿಸಿದ್ದ. ಕಿತ್ತೆಸೆದವನು ತಾನು. "ಇದೇನ್ ಭಾವ, ಬೋಳು ಬಿಟ್ರೆ ತುಕ್ಕು ಹಿಡಿಯುತ್ತೆ. ಹಚ್ಚಿಬಿಡಿ." ಮರುದಿನ ಬೋಲ್ಟು ಬಿಗಿಯುವಾಗ ಕೆರೆಯಲೂ ಇಲ್ಲ. ಆ ಹೊಳಪು ಕೆರೆಯಲು ಮನಸ್ಸೇ ಬಂದಿರಲಿಲ್ಲ.

ಎಮರಿ ಕಾಗದದಲ್ಲಿ ಹತ್ತು ನಿಮಿಷ ಉಜ್ಜಿದ. ಕಾರು ಒಂದೇ ಏಟಿಗೆ ಎದ್ದಿತು.

"ಪರವಾಗಿಲ್ವೇ! ನಿಮ್ಮ ಭಾವ ಕೆಡಿಸಿದ್ದನ್ನ ನೀವೇ ಸರಿ ಮಾಡಿದ್ರಿ," ಎಂದಳು ವ್ಯಾನಮ್ಮ.

ಮೀಟರ್ ನಕ್ಕ. ಬಾಯಿ ತೆರೆದಿತ್ತು, ಮಾತು ಹೊರಡಬಹುದಿತ್ತು. ನಕ್ಕ ಅಷ್ಟೇ.

ಮಾರನೆಯ ಬೆಳಿಗ್ಗೆ ಅಕ್ಕನ ಮನೆಗೆ ಹೋದ. ಬಟ್ಟೆ ಒಣಹಾಕುತ್ತಿದ್ದ ಅಕ್ಕ ತಿರುಗಿಯೂ ನೋಡದೆ, "ಓಹೋ, ನ್ಯಾಯಾಧೀಶರು ದಯಮಾಡಿಸಿದ್ರು," ಎಂದಳು.

ಅವನು ತಡವರಿಸುತ್ತ ಎಲ್ಲ ಹೇಳಿದ.

"ಅವರಿಗೆ ಮೊದಲೇ ಗೊತ್ತು ಕಣೋ. ಅಲ್ಲಿ ಬಣ್ಣ ಹಚ್ಚಬಾರದಿತ್ತು, ನಿನ್ನ ತಮ್ಮನ ಮಾತು ಕೇಳಿ ಕೆಟ್ಟೆ ಅಂತ ಅವತ್ತೇ ಹೇಳಿದ್ರು."

"ಮತ್ತೆ ಯಾಕಕ್ಕಾ ಬಾಯಿ ಬಿಡ್ಲಿಲ್ಲ?"

"ಬೀದೀಲಿ ನೀವಿಬ್ರೂ ಕಿತ್ತಾಡಿದ್ರೆ ನಾನು ಯಾರ ಪಕ್ಕ ನಿಲ್ಲಲಿ?" ಒದ್ದೆ ಬಟ್ಟೆಯನ್ನು ಕೊಡವಿದಳು, ನೀರೆಲ್ಲ ಅವನ ಮುಖಕ್ಕೆ. "ಗೊತ್ತಿರೋರ ಮನೆಗೆ ಬಂದು ಹೇಳ್ತಿದೀಯಲ್ಲ, ಗೊತ್ತಿಲ್ದೋರ ಹತ್ರ ಹೋಗು."

ವ್ಯಾನುಗಳ ಅಂಗಳದಲ್ಲಿ ಡ್ರೈವರುಗಳೆಲ್ಲ ನೆರಳಲ್ಲಿ ಕೂತಿದ್ದರು. ಮೀಟರ್ ಹೇಳಿದ್ದನ್ನು ವ್ಯಾನಮ್ಮ ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನನ್ನ ವ್ಯಾನಿನ ವೈರಿಂಗ್ ನಿಮಗ್ಯಾಕೆ ಕೊಡ್ಲಿ?"

"ಕೊಡಬೇಡಿ ಮೇಡಂ. ಬಣ್ಣದ ಕೆಲಸ ಭಾವನಿಗೆ ಕೊಡಿ."

"ಐದಕ್ಕೆ ಆಗಲೇ ಬೇರೆಯವರು ಹಚ್ಚಾಯ್ತು."

"ಉಳಿದ ನಾಲ್ಕು?"

"ಚೌಕಾಸಿ ಬೇರೆ!" ಎಂದು ಫೋನು ತೆಗೆದು ನಂಬರು ಒತ್ತಿ ಅವನತ್ತ ಚಾಚಿದಳು. "ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

ಆ ಕಡೆಯಿಂದ ಕಂಪ್ರೆಸರಿನ ಗದ್ದಲ, ಅದರ ನಡುವೆ ಭಾವನ "ಹಲೋ".

"ಭಾವ, ನಾನು. ಆ ಕಾರಿಂದು... ತಪ್ಪು ನಂದೇ ಭಾವ."

ಕಂಪ್ರೆಸರ್ ನಿಂತಿತು. ಆಮೇಲೆ ಭಾವನ ದನಿ, ನಿಧಾನವಾಗಿ:

"ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳು."

ಮೀಟರ್ ಒಮ್ಮೆ ಡ್ರೈವರುಗಳ ಕಡೆ ನೋಡಿ, ಜೋರಾಗಿ ಹೇಳಿದ.