ಟೈಲರಮ್ಮನ ನಾಳೆ

ಬೀರುವಿನ ಅಡಿಯಿಂದ ಹಸಿರು ಬ್ಲೌಸ್ ತೆಗೆದೆ. ಮಡಿಕೆ ಬಿಚ್ಚಿದೊಡನೆ ಹೊಲಿಗೆ ಮಿಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕಂಕುಳ ಬಳಿ ಆ ಎಣ್ಣೆಯ ಕಲೆ ಇನ್ನೂ ಇದೆ. ಅದಕ್ಕೂ ಆಗ ಜಗಳವಾಡಿದ್ದೆ.

ಮಾರೇನಹಳ್ಳಿಯ ನಮ್ಮ ಬೀದಿ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೊಲಿಯುತ್ತಿದ್ದ ಟೈಲರಮ್ಮನಿಗೂ ನನಗೂ ಹಾವು ಮುಂಗುಸಿ ಸಂಬಂಧ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಬಾಯಿ ಜೋರು, ಹೇಳಿದ ದಿನಕ್ಕೆ ಒಂದು ಬಟ್ಟೆಯನ್ನೂ ಕೊಟ್ಟವಳಲ್ಲ. ಕೇಳಿದರೆ, “ನಾಳೆ ಬನ್ನಿ ಮೇಡಂ, ಇವತ್ತು ಆಸ್ಪತ್ರೆಗೆ ಹೋಗ್ಬೇಕು.” ಒಮ್ಮೆ ಅತ್ತೆಗೆ ಬಿಪಿ, ಒಮ್ಮೆ ಮಗಳಿಗೆ ಜ್ವರ. ಆ ಅತ್ತೆಯೋ, ತಳ್ಳುಗಾಡಿಯ ಮುಂದೆ ಸೊಪ್ಪು ಆರಿಸುತ್ತ ಗುಂಡುಕಲ್ಲಿನಂತೆ ನಿಂತಿರುತ್ತಿದ್ದರು! ಆದರೆ ಟೈಲರಮ್ಮನ ಅಳತೆ ಒಮ್ಮೆಯೂ ತಪ್ಪಲಿಲ್ಲ. “ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದೀನಿ, ನೀವು ದಪ್ಪ ಆಗ್ತೀರ,” ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇರುವಾಗ ಹೋದೆ. ಹಸಿರು ಬ್ಲೌಸಿಗೆ ತೋಳೇ ಇರಲಿಲ್ಲ.

“ನಾಳೆ ಕೊಡ್ತೀನಿ ಮೇಡಂ. ಇವತ್ತು ಆಸ್ಪತ್ರೇಲಿ ಬರಕ್ಕೆ ಹೇಳಿದಾರೆ.”

“ಯಾರಿಗೆ, ಅತ್ತೆಗಾ? ಸಾಕು ನಿಮ್ಮ ಸುಳ್ಳು. ತೋಳು ಹಾಕೋವರ್ಗೂ ಏಳಲ್ಲ ನಾನು.”

ಅವಳು ಮಿಷಿನ್ನಿನ ಡ್ರಾಯರಿಂದ ಕಾಗದವೊಂದನ್ನು ತೆಗೆದು ನನ್ನ ಮಡಿಲಿಗೆ ಎಸೆದಳು. ಬಡಾವಣೆಯ ಆರೋಗ್ಯ ಶಿಬಿರದಲ್ಲಿ ಗರ್ಭಕೋಶದ ಬಾಯಿಯ ಪ್ಯಾಪ್ ಟೆಸ್ಟ್ ಮಾಡಿಸಿಕೊಂಡಿದ್ದಳು. ಜೀವಕೋಶಗಳಲ್ಲಿ ವ್ಯತ್ಯಾಸ ಕಂಡಿದೆ, ಲೆನ್ಸ್ ಇಟ್ಟು ಮತ್ತೆ ನೋಡಬೇಕು, ಬನ್ನಿ ಎಂದಿತ್ತು. ದಿನಾಂಕ ಅಂದಿನದೇ.

“ಕ್ಯಾನ್ಸರ್ ಅಲ್ವಂತೆ, ನರ್ಸ್ ಹೇಳಿದ್ರು,” ಎಂದಳು.

‘ಆದ್ರೆ ಹಾಗೇ ಬಿಡೋ ಹಾಗಿಲ್ಲ, ಈಗ್ಲೇ ನೋಡಿದ್ರೆ ಸುಲಭ’ ಎಂದೂ ನರ್ಸ್ ಹೇಳಿದ್ದರೆಂದು ಆಮೇಲೆ ಅವಳ ಮಗಳಿಂದ ತಿಳಿಯಿತು. ಅಂದು ಇಬ್ಬರಿಗೂ ಮೊದಲರ್ಧವೇ ಸಾಕಾಗಿತ್ತು.

“ಅಲ್ಲ ಅಂದ್ಮೇಲೆ ಅವಸರ ಏನು? ನಾಳೆ ಹೋಗಿ,” ಎಂದೆ.

ನಾಳೆ... ಆ ಮಾತನ್ನು ಅವಳಿಗೆ ನಾನು ಹೇಳಿದೆ. ಅವಳು ಗುರಾಯಿಸಿ, ಕುಳಿತು, ತೋಳು ಹಚ್ಚಿದಳು.

ಆಮೇಲೆ ಗೌರಿ ಹಬ್ಬ, ದಸರಾ, ಮದುವೆಗಳು. ಆಸ್ಪತ್ರೆಯಿಂದ ಫೋನ್ ಬಂದರೆ ಅವರಿಗೂ “ನಾಳೆ ಬರ್ತೀನಿ” ಅನ್ನುತ್ತಿದ್ದಳಂತೆ. ರಕ್ತ ಹೋಗಲು ಶುರುವಾದ ಮೇಲೆ ಹೋದಳು. ಆಗ ತಡವಾಗಿತ್ತು. ಮೂರನೆಯ ವರ್ಷದ ಹಬ್ಬಕ್ಕೆ ಅಂಗಡಿಯ ಷಟರ್ ಏಳಲಿಲ್ಲ.

ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಷ್ಟು ಜೋರು ಬಾಯಿಯವಳು ನನ್ನನ್ನು ಆಚೆ ದಬ್ಬಿ ಬಾಗಿಲು ಹಾಕಿಕೊಂಡು ಹೋಗಬಹುದಿತ್ತು. ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ಒಂದು ಜೊತೆ ತೋಳಿಗಾಗಿ ಕುಳಿತಿದ್ದೆನಲ್ಲ...

ಹೋದ ವಾರ ನನ್ನ ಪ್ಯಾಪ್ ಟೆಸ್ಟ್ ರಿಪೋರ್ಟ್ ಬಂತು. ಅದೇ ಮಾತುಗಳು. ಇಂದು ಬರಹೇಳಿದ್ದಾರೆ. ಈ ಬ್ಲೌಸ್ ಬಿಗಿಯಾಗಿತ್ತು. ಒಳಹೊಲಿಗೆ ಬಿಚ್ಚಿ ಹಾಕಿಕೊಂಡೆ. ಅವಳು ಬಿಟ್ಟಿದ್ದ ಬಟ್ಟೆ ಸರಿಹೋಯಿತು.

ಹೊರಡುವಾಗ ಈಗಿನ ಟೈಲರ್ ಹುಡುಗಿಯ ಫೋನ್. “ಆಂಟಿ, ಟ್ರಯಲ್‌ಗೆ ಬರ್ತೀರಾ?”

“ನಾಳೆ ಬರ್ತೀನಮ್ಮ. ಇವತ್ತು ಆಸ್ಪತ್ರೆಗೆ ಹೋಗ್ಬೇಕು.”

ಅವಳು ನಕ್ಕಳು. “ಅದು ನಾವು ಟೈಲರ್‌ಗಳು ಹೇಳೋ ಸುಳ್ಳಲ್ವಾ ಆಂಟಿ!”

“ಒಬ್ರು ನಿಜಾನೇ ಹೇಳಿದ್ರು ಕಣಮ್ಮ,” ಎಂದೆ. “ನಾನೇ ಹೋಗಕ್ಕೆ ಬಿಡ್ಲಿಲ್ಲ.”