ಬಕ್ಕೇಶಪ್ಪನವರ ಮೀಟರ್ ಕೋಲು

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಅಂಗಡಿಗೆ ಮೀಟರ್ ಕೋಲು ಬಂದಾಗಿನಿಂದ ದಾವಣಗೆರೆಯ ಜವಳಿ ವ್ಯಾಪಾರಿ ಬಕ್ಕೇಶಪ್ಪನವರನ್ನು ಹಿಡಿಯುವವರೇ ಇಲ್ಲ. ಉಳಿದ ಅಂಗಡಿಯವರು ಗಜ ಹೋಯಿತೆಂದು ಗೊಣಗುತ್ತಿದ್ದರೆ, ಇವರು ಕಂಡದ್ದನ್ನೆಲ್ಲ ಅಳೆದು ದಶಾಂಶದಲ್ಲಿ ಸಾರುತ್ತಾರೆ. ಎಮ್ಮೆಯ ಬಾಲ ಸೊನ್ನೆ ಬಿಂದು ಒಂಬತ್ತು; ಪಕ್ಕದಂಗಡಿಯ ವಾಮದೇವಪ್ಪನ ಮೀಸೆ ಸೊನ್ನೆ ಬಿಂದು ಒಂದು ಎರಡು. ತಟ್ಟೆಯ ರೊಟ್ಟಿಗೂ ಕೋಲು ಹಿಡಿದರೆ ಹೆಂಡತಿ ಗುರುಶಾಂತಮ್ಮ, "ಆರೋದ್ರೊಳಗೆ ತಿನ್ರಿ, ಅದರ ಅಳತೆ ನನ್ನ ಕೈಗೆ ಗೊತ್ತೈತೆ" ಎನ್ನುತ್ತಾರೆ. "ಎಲ್ಲಾ ಹತ್ತರ ಲೆಕ್ಕ ನೋಡು! ಬೆರಳಿದ್ದೋರಿಗೆಲ್ಲ ಬರ್ತೈತೆ!" ಎಂದು ಇವರು ಕುಣಿಯುತ್ತಾರೆ. ಕಾಲು, ಅರೆಕಾಲು, ವೀಸ ಎಂಬ ಹಳೆಯ ಭಿನ್ನರಾಶಿಗಳ ಮಗ್ಗಿ ಬಾಯಿಗೆ ಹತ್ತದೆ, ದಿನಾ ಬೆಂಚಿನ ಮೇಲೆ ನಿಂತೂ ನಿಂತೂ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು ಇವರು. ಮೊನ್ನೆ, ಹಾಗೆ ನಿಲ್ಲಿಸುತ್ತಿದ್ದ ಮೇಷ್ಟ್ರೇ ಹರಿಹರದಿಂದ ಜುಬ್ಬದ ಬಟ್ಟೆಗೆಂದು ಬಂದರು. "ಎರಡು ಬಿಂದು ಏಳು ಐದು ಮೀಟರ್ ಸಾಕ್ರಿ ಮೇಷ್ಟ್ರೇ" ಎಂದರು ಬಕ್ಕೇಶಪ್ಪ. ಮುದುಕರು ತಲೆ ತಗ್ಗಿಸಿ, "ಈ ಲೆಕ್ಕ ನನಗೆ ತಿಳಿಯಂಗಿಲ್ಲಪ್ಪ" ಎಂದರು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಬಕ್ಕೇಶಪ್ಪ ಗಾದಿಯಿಂದ ಇಳಿದು, ಮೇಷ್ಟ್ರನ್ನು ಅಲ್ಲಿ ಕೂರಿಸಿ, ಅವರ ಬೆರಳನ್ನು ಕೋಲಿನ ಮೊದಲ ಗೆರೆಯ ಮೇಲಿಟ್ಟು, "ಇಲ್ಲಿಂದ ಒಂದೊಂದೇ ಎಣಸ್ರಿ. ಕುಂತ್ಕಂಡೇ ಎಣಸ್ರಿ" ಎಂದರು.