ಶಾಹಿದಾಗೆ ಮಾತ್ರ ಇಪ್ಪತ್ತು ಬಂತು

ಪುಸ್ತಕದ ಕೊನೆಯಲ್ಲಿ ಉತ್ತರ ಇಪ್ಪತ್ತೆಂಟು ಎಂದಿತ್ತು. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಇಪ್ಪತ್ತೆಂಟೇ ಬಂತು. ಶಾಹಿದಾಗೆ ಮಾತ್ರ ಇಪ್ಪತ್ತು ಬಂತು.

ಎಲ್ಲರೂ ಅವಳನ್ನು ನೋಡಿ ಅಯ್ಯೋ ಪಾಪ ಎಂದರು. ನಾನೂ ಎಂದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಶಾಹಿದಾ, ನಾನು ಇಬ್ಬರೂ ಗುಬ್ಬಿಯವರು. ತುಮಕೂರಿನ ಒಂದು ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ, ಸೈನ್ಸ್. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಹೋಗುವುದು, ಸಂಜೆ ವಾಪಸು. ಹೋಮ್‌ವರ್ಕ್ ಆಗುತ್ತಿದ್ದದ್ದು ಆ ರೈಲಿನಲ್ಲೇ. (ಮನೆಯಲ್ಲಿ ಮಾಡಬಾರದಿತ್ತಾ ಎಂದು ಕೇಳಬೇಡಿ. ಎರಡು ಕೋಣೆಯ ಮನೆಯಲ್ಲಿ ಒಂದು ಪಟಾಲಂ ಇರುತ್ತಿದ್ದ ಕಾಲ ಅದು.) ಉಗಿ ಇಂಜಿನ್ನಿನ ಮಸಿ ಕಿಟಕಿಯಿಂದ ಹಾರಿ ಬಂದು ಹಾಳೆಯ ಮೇಲೆ ಕೂರುತ್ತಿತ್ತು. ಎಷ್ಟೋ ಸಲ ಆ ಮಸಿಯ ಚುಕ್ಕೆಯೇ ಡೆಸಿಮಲ್ ಪಾಯಿಂಟ್ ಆಗಿ ನಮ್ಮ ಲೆಕ್ಕ ಕೆಟ್ಟದ್ದೂ ಉಂಟು.

ಕೆಮಿಸ್ಟ್ರಿ ಪ್ರಾಬ್ಲಂ ಮಾಡುವುದಕ್ಕೆ ಆಗ ಒಂದು ಪದ್ಧತಿ ಇತ್ತು. ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬಂದ ಆಸ್ತಿ. ಮೊದಲು ಗೈಡಿನ ಕೊನೆಯ ಪುಟ ತೆಗೆಯುವುದು. ಉತ್ತರ ನೋಡಿಕೊಳ್ಳುವುದು. ಆಮೇಲೆ ಲೆಕ್ಕ ಶುರು. ಆ ಉತ್ತರ ಬರದಿದ್ದರೆ ಎರಡರಿಂದ ಭಾಗಿಸುವುದು. ಆಗಲೂ ಬರದಿದ್ದರೆ ಎರಡರಿಂದ ಗುಣಿಸುವುದು. ಕೈಗೆ ಸಿಕ್ಕ ಇನ್ನೊಂದು ಸಂಖ್ಯೆಯನ್ನು ಬಿಟ್ಟು ನೋಡುವುದು, ಸೇರಿಸಿ ನೋಡುವುದು. ಅಂತೂ ಇಂತೂ ಕೊನೆಯ ಸಾಲಿಗೆ ಅದನ್ನು ತಂದು ಕೂರಿಸುವುದು. ಇದಕ್ಕೆ ‘ಆನ್ಸರ್ ಕೂರಿಸೋದು’ ಅಂತಲೇ ಹೆಸರು. ಹುಡುಗರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದೂ ‘ಲೆಕ್ಕ ಬಂತಾ’ ಎಂದಲ್ಲ, ‘ಕೂತ್ಕಂತೇನ್ಲಾ’ ಎಂದು.

ಗೈಡು ತಪ್ಪಿರಬಹುದು ಎಂಬ ಯೋಚನೆ ಯಾರಿಗೂ ಬರಲಿಲ್ಲವೇ? ಅಚ್ಚಾದದ್ದು ತಪ್ಪಾಗುತ್ತದೆಯೇ ಸ್ವಾಮಿ?

ಅವತ್ತಿನ ಪ್ರಾಬ್ಲಂ ಇಷ್ಟೇ. ಆಕ್ಸಾಲಿಕ್ ಆಸಿಡ್ಡಿನ ಹರಳನ್ನು ಇಂತಿಷ್ಟು ತೂಗಿ ನೀರಿನಲ್ಲಿ ಕರಗಿಸಿದ್ದಾರೆ. ಅದರಲ್ಲಿ ಒಂದಿಷ್ಟನ್ನು ತೆಗೆದುಕೊಂಡು, ಅದರ ಹುಳಿ ಪೂರ್ತಿ ಮುರಿಯಬೇಕಾದರೆ ಎಷ್ಟು ಮಿಲಿಲೀಟರ್ ಕಾಸ್ಟಿಕ್ ಸೋಡಾ ಬೇಕು? ನಾನು ಐದು ನಿಮಿಷದಲ್ಲಿ ಇಪ್ಪತ್ತೆಂಟನ್ನು ಕೂರಿಸಿದೆ. ಪಕ್ಕದಲ್ಲಿ ಶಾಹಿದಾ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು.

“ನೀರು ಎಲ್ಲಿಗೆ ಹೋಯ್ತೇ, ಜಯಾ?” ಎಂದಳು.

“ಯಾವ ನೀರೇ?”

“ಹರಳು ಅಂತ ಬರ್ದವ್ರೆ ನೋಡು. ಹರಳೊಳಗೆ ನೀರು ಸೇರ್ಕೊಂಡಿರತ್ತೆ, ಕ್ಲಾಸಲ್ಲಿ ಹೇಳಿರ್ಲಿಲ್ವಾ? ತೂಗೋವಾಗ ಅದನ್ನೂ ಸೇರ್ಸೇ ತೂಗಿದಾರೆ. ನೆನೆ ಹಾಕಿದ ಕಡ್ಲೆ ತೂಗಿ, ಅಷ್ಟೂ ಕಡ್ಲೇನೇ ಅನ್ನಕ್ಕಾಗತ್ತಾ? ನೀರು ಕಳ್ದು ಮಾಡಿದ್ರೆ ಇಪ್ಪತ್ತೇ ಬರೋದು ಕಣೇ.”

“ಹಿಂದೆ ಇಪ್ಪತ್ತೆಂಟು ಅಂತ ಇದೆಯಲ್ಲೇ?”

“ಇದ್ರೆ ಇರ್ಲಿ.”

ಇದ್ದರೆ ಇರಲಿ ಎಂದು ಬಿಡುವ ಹಾಗಿರಲಿಲ್ಲ. ಕೆಮಿಸ್ಟ್ರಿ ಲೆಕ್ಚರರ್ ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹಾಗಾಗಿ ನಮ್ಮ ಬಾಯಲ್ಲಿ ಅವರು ಕುಣಿಗಲ್ ಸರ್. ಹೋಮ್‌ವರ್ಕಿಗೆ ಕೊಟ್ಟ ಪ್ರಾಬ್ಲಮ್ಮನ್ನೇ ಅವರು ಟೆಸ್ಟಿಗೂ ಕೊಡುವವರು. ಹತ್ತು ಮಾರ್ಕ್ಸಿನ ಪ್ರಾಬ್ಲಂ ಯಾವುದು ಎಂದು ಎಲ್ಲರಿಗೂ ಮೊದಲೇ ಗೊತ್ತು. ಉತ್ತರವೂ ಗೊತ್ತು.

ಶಾಹಿದಾಗೆ ಆ ಹತ್ತು ಮಾರ್ಕ್ಸ್ ಬೇಕೇ ಬೇಕಿತ್ತು. ಟೈಫಾಯ್ಡ್ ಬಂದು ಒಂದು ತಿಂಗಳು ಕ್ಲಾಸ್ ತಪ್ಪಿತ್ತು. ಉಳಿದ ಪಾಠ ಅರ್ಧಂಬರ್ಧ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಒಂದು ಕರಾರು ಇತ್ತು.

ಅವಳ ತಂದೆ ರಹಮತ್ ಚಾಚಾ ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಮಗಳನ್ನು ರೈಲು ಹತ್ತಿಸಿ ಕಾಲೇಜಿಗೆ ಕಳಿಸಿದ್ದಕ್ಕೆ ಅಣ್ಣಂದಿರು, ದೊಡ್ಡಪ್ಪಂದಿರು ಎಲ್ಲರೂ ಮುಖ ತಿರುಗಿಸಿದ್ದರು. ಅಷ್ಟೂ ಜನರ ಮುಂದೆ ಚಾಚಾ ಒಂದು ಮಾತು ಕೊಟ್ಟಿದ್ದರು. ಮಗಳು ಪಾಸಾಗುತ್ತಾ ಇರುವವರೆಗೆ ಓದುತ್ತಾಳೆ. ಒಂದೇ ಒಂದು ಸಬ್ಜೆಕ್ಟಿನಲ್ಲಿ ಕೆಂಪು ಗೆರೆ ಬಿದ್ದರೆ ಅವತ್ತಿಗೆ ಓದು ಬಂದ್. ಆಗ ಫೇಲಾದ ಮಾರ್ಕ್ಸಿನ ಕೆಳಗೆ ಕೆಂಪು ಇಂಕಿನಲ್ಲಿ ಗೆರೆ ಎಳೆಯುತ್ತಿದ್ದರಲ್ಲ, ಆ ಗೆರೆ.

ಟೆಸ್ಟಿನ ದಿನ ರೈಲಿನಲ್ಲಿ ನಾನು ಅವಳ ಕೈ ಹಿಡಿದುಕೊಂಡು ಹೇಳಿದೆ. “ನೀನು ಸರಿ ಇರ್ಬೋದು ಕಣೇ, ಇಲ್ಲ ಅನ್ನಲ್ಲ. ಆದ್ರೆ ಇವತ್ತೊಂದಿನ ಇಪ್ಪತ್ತೆಂಟು ಬರ್ದು ಬಿಡೇ. ನಿನ್ನ ದಮ್ಮಯ್ಯ.”

“ಬರೀತೀನಿ ಬಿಡು” ಎಂದಳು.

ಬರೆಯಲಿಲ್ಲ. ಹೊರಗೆ ಬಂದವಳ ಮುಖ ನೋಡಿದರೇ ಗೊತ್ತಾಯಿತು. ಯಾಕೇ ಎಂದು ಕೇಳಿದರೆ, “ಪೆನ್ನು ಮುಂದಕ್ಕೆ ಹೋಗ್ಲಿಲ್ಲ ಕಣೇ” ಎಂದಳು. ನನಗೆ ಸಿಟ್ಟು ಬಂತು. ಇಡೀ ದಾರಿ ಮಾತಾಡಿಸಲಿಲ್ಲ.

ಮುಂದಿನ ವಾರ ಕುಣಿಗಲ್ ಸರ್ ಪೇಪರನ್ನೂ ಮಾರ್ಕ್ಸ್ ಕಾರ್ಡನ್ನೂ ಒಟ್ಟಿಗೆ ಕೊಟ್ಟರು. ಪಾಸಿಗೆ ಮೂವತ್ತೈದು. ಶಾಹಿದಾಗೆ ಮೂವತ್ತು. ಕೆಳಗೆ ಕೆಂಪು ಗೆರೆ, ಸ್ಕೇಲ್ ಇಟ್ಟು ಎಳೆದದ್ದು. ಪ್ರಾಬ್ಲಂಗೆ ಸೊನ್ನೆ.

ನನಗೆ ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಬೆಂಚು ಕಿರ್ ಎಂದಿತು. ತಲೆಯೆತ್ತಿದರೆ ಶಾಹಿದಾ ಎದ್ದು ನಿಂತಿದ್ದಾಳೆ. ನಮ್ಮ ಕ್ಲಾಸಿನಲ್ಲಿ ಹುಡುಗಿಯರು ಅಟೆಂಡೆನ್ಸ್‌ಗೆ ‘ಎಸ್ ಸರ್’ ಎನ್ನುವುದನ್ನು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಕುಣಿಗಲ್ ಸರ್ ಬೇರೆ ಮಾತೆತ್ತಿದರೆ ಚಾಕ್‌ಪೀಸ್ ಎಸೆಯುವ ಆಸಾಮಿ.

“ಸರ್, ನಂದು ಸರಿ ಇದೆ ಅನ್ಸತ್ತೆ.”

“ಬುಕ್ ನೋಡಿದ್ಯೇನಮ್ಮ?”

“ನೋಡಿದೀನಿ ಸರ್. ಬುಕ್ಕಲ್ಲಿರೋದೇ ತಪ್ಪು.”

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಸರ್ ನಗಲಿಲ್ಲ. ಇಳಿದು ಬಂದು ಅವಳ ಪೇಪರ್ ತೆಗೆದುಕೊಂಡು, ನಿಂತಲ್ಲೇ ಮೊದಲ ಸಾಲಿನಿಂದ ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಗಂಟಾಯಿತು. ಆಮೇಲೆ ಸಡಿಲವಾಯಿತು.

“ನಾನು ಹೇಳಿದ್ರೆ ನನ್ನ ಮಾತಾಗತ್ತೆ. ಬುಕ್ ಹೇಳಿದ್ರೆ ಬುಕ್ಕಿನ ಮಾತು” ಎಂದರು ಕೊನೆಗೆ. “ಆಸಿಡ್ಡನ್ನೇ ಕೇಳೋಣ. ಎಲ್ರೂ ಲ್ಯಾಬಿಗೆ ನಡೀರಿ.”

ಇಡೀ ಕ್ಲಾಸು ಲ್ಯಾಬಿಗೆ ನುಗ್ಗಿತು. ಸ್ಟೂಲುಗಳ ಮೇಲೆ, ಕಿಟಕಿ ಕಟ್ಟೆಯ ಮೇಲೆ, ಸಿಂಕಿನ ಪಕ್ಕ, ಎಲ್ಲಿ ನೋಡಿದರೂ ತಲೆಗಳು. ಸರ್ ತಾವೇ ಹರಳು ತೂಗಿದರು. ಪುಸ್ತಕದಲ್ಲಿ ಹೇಳಿದ್ದರ ಕಾಲು ಭಾಗ ಹರಳು, ಕಾಲು ಭಾಗ ನೀರು, ಹದ ಮಾತ್ರ ಅದೇ. ಕರಗಿಸಿ, ಲೆಕ್ಕದಲ್ಲಿದ್ದಷ್ಟನ್ನು ಪಿಪೆಟ್ಟಿನಲ್ಲಿ ಅಳೆದು ಒಂದು ಫ್ಲಾಸ್ಕಿಗೆ ಬಿಟ್ಟರು. ಬಣ್ಣ ತೋರಿಸುವ ಇಂಡಿಕೇಟರ್ ಎರಡು ಹನಿ ಹಾಕಿದರು. ಮೇಲೆ ಉದ್ದದ ಗಾಜಿನ ಕೊಳವೆ, ಅದೇ ಬ್ಯೂರೆಟ್ಟು, ಅದರ ತುಂಬ ಕಾಸ್ಟಿಕ್ ಸೋಡಾ. ಹುಳಿ ಮುರಿದ ಕ್ಷಣ ಫ್ಲಾಸ್ಕಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಆಗ ಎಷ್ಟು ಮಿಲಿಲೀಟರ್ ಇಳಿದಿರುತ್ತದೋ ಅದೇ ಉತ್ತರ.

“ನೀನೇ ಬಿಡಮ್ಮ” ಎಂದರು ಶಾಹಿದಾಗೆ.

ಅವಳು ಬ್ಯೂರೆಟ್ಟಿನ ನಲ್ಲಿ ತಿರುಗಿಸಿದಳು. ಹತ್ತು ಇಳಿಯಿತು. ಏನೂ ಇಲ್ಲ. ಹದಿನೈದು. ಹನಿ ಬಿದ್ದ ಜಾಗದಲ್ಲಿ ಗುಲಾಬಿ ಮಿಂಚಿದಂತಾಗಿ, ಫ್ಲಾಸ್ಕ್ ಅಲ್ಲಾಡಿಸಿದರೆ ಮಾಯ. ಹತ್ತೊಂಬತ್ತು. ಬಂದ ಬಣ್ಣ ಹೋಗಲು ಈಗ ತುಸು ಹೊತ್ತು ಬೇಕಾಯಿತು. ಅವಳು ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಒಂದು ಹನಿ. ಅಲ್ಲಾಡಿಸಿದಳು. ಇನ್ನೊಂದು ಹನಿ.

ಇಪ್ಪತ್ತರ ಗೆರೆಗೆ ಬಂದು ಇನ್ನೊಂದು ಹನಿ ಬಿತ್ತು. ಇಡೀ ಫ್ಲಾಸ್ಕು ತಿಳಿ ಗುಲಾಬಿಯಾಯಿತು. ಅಲ್ಲಾಡಿಸಿದರೂ ಹೋಗಲಿಲ್ಲ.

ನನಗೆ ಮೈ ಜುಮ್ಮೆಂದಿತು. ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ. ಯೋಚಿಸಿ ನೋಡಿ. ಮಸಿ ಹಾರುವ ರೈಲಿನಲ್ಲಿ ಕೂತು ಒಬ್ಬ ಹುಡುಗಿ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಬರೆಯುತ್ತಾಳೆ. ಆ ಫ್ಲಾಸ್ಕಿನ ನೀರಿಗೆ ಗುಬ್ಬಿ ಗೊತ್ತಿಲ್ಲ, ಶಾಹಿದಾ ಗೊತ್ತಿಲ್ಲ, ಗೈಡೂ ಗೊತ್ತಿಲ್ಲ. ಆದರೂ ಅವಳು ಹೇಳಿದ ಜಾಗಕ್ಕೆ ಸರಿಯಾಗಿ ಬಂದು ಬಣ್ಣ ಬದಲಾಯಿಸುತ್ತದೆ! ಎರಡು ವರ್ಷ ಕೆಮಿಸ್ಟ್ರಿ ಓದಿದ್ದೆ, ನೂರಾರು ಲೆಕ್ಕ ಕೂರಿಸಿದ್ದೆ. ಆ ಅಂಕೆಗಳಿಗೂ ಪ್ರಪಂಚಕ್ಕೂ ಸಂಬಂಧ ಇದೆ ಎಂದು ನನಗೆ ತಿಳಿದದ್ದು ಅವತ್ತೇ. ಮುಟ್ಟಿದರೆ ಒಣಗಿದ ಸಕ್ಕರೆಯಂತಿರುವ ಹರಳು. ಅದರೊಳಗೆ ನೀರಿದೆ ಎಂದು ಅವಳು ನಂಬಿದಳು. ಇತ್ತು.

ಹುತ್ರಿದುರ್ಗದ ಕೆಂಪರಾಜು, ಬಟವಾಡಿಯಲ್ಲಿ ರೂಮು ಮಾಡಿಕೊಂಡಿದ್ದ ನಮ್ಮ ಕ್ಲಾಸಿನ ಹುಡುಗ, ಹಿಂದಿನಿಂದ ಮೆಲ್ಲಗೆ ಹೇಳಿದ. “ಸಾ, ಇಪ್ಪತ್ತೆಂಟ್ರಗಂಟ ಬುಡಿ ಸಾ. ಏನಾಯ್ತದೋ ನೋಡವ.”

ಸರ್ ಬಿಟ್ಟರು. ಬಣ್ಣ ಗಾಢವಾಯಿತು, ಅಷ್ಟೆ.

“ತಪ್ಪು ನಂದೂ ಇದೆ” ಎಂದರು ಸರ್. “ಕೊನೆ ಸಾಲು ನೋಡಿ ಮಾರ್ಕ್ಸ್ ಹಾಕ್ಬಿಟ್ಟೆ.” ಅಲ್ಲೇ ಸ್ಟೂಲಿನ ಮೇಲೆ ಕೂತು ಶಾಹಿದಾಳ ಕಾರ್ಡಿನಲ್ಲಿ ಮೂವತ್ತನ್ನು ಹೊಡೆದು ನಲವತ್ತು ಮಾಡಿದರು. ಕೆಂಪು ಗೆರೆಯ ಮೇಲೆ ನೀಲಿ ಇಂಕು ಎಳೆದು ಸಹಿ ಹಾಕಿದರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟಿ ಮುಗಿಯುವ ಮೊದಲೇ ಸರ್ ಹೇಳಿದರು, “ಹೂಂ, ಈಗ ಮಿಕ್ಕೋರ ಕಾರ್ಡ್ ಕೊಡಿ.”

ನ್ಯಾಯ ಅಂದರೆ ನ್ಯಾಯ. ಎಲ್ಲರ ಹತ್ತು ಮಾರ್ಕ್ಸೂ ಹೋಯಿತು. ನನ್ನ ನಲವತ್ತೆರಡು ಮೂವತ್ತೆರಡಾಗಿ, ಕೆಳಗೆ ಹೊಸ ಕೆಂಪು ಗೆರೆ ಬಂತು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡು ಸಂಜೆ ಗುಬ್ಬಿಯಲ್ಲಿ ಇಳಿದೆವು. ಕಾರ್ಡ್ ಕೊಡುವ ದಿನ ಎಂದು ತಿಳಿದು ರಹಮತ್ ಚಾಚಾ ಸ್ಟೇಷನ್ನಿಗೇ ಬಂದಿದ್ದರು. ಕಲ್ಲು ಬೆಂಚಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ಕಾರ್ಡ್ ನೋಡಿದರು. ನೋಡುತ್ತಲೇ ಇದ್ದರು.

“ತಿದ್ದಿದಾರಲ್ಲಮ್ಮ ಇದನ್ನ?”

ಆಗ ಹೊಳೆಯಿತು ನಮಗೆ. ಕೆಂಪು ಗೆರೆ, ಅದರ ಮೇಲೆ ನೀಲಿ ಗೀಟು, ಹೊಡೆದ ಮೂವತ್ತು, ಪಕ್ಕದಲ್ಲಿ ಬೇರೆ ಇಂಕಿನ ನಲವತ್ತು. ಯಾವ ಅಪ್ಪ ನಂಬುತ್ತಾನೆ? ಕ್ಲಾಸಿನಲ್ಲಿ ಎದ್ದು ನಿಂತವಳು ಅಪ್ಪನ ಮುಂದೆ ಅಳತೊಡಗಿದಳು.

ನಾನು ನನ್ನ ಕಾರ್ಡ್ ತೆಗೆದು ಅದರ ಪಕ್ಕ ಇಟ್ಟೆ. “ನೋಡಿ ಚಾಚಾ, ನಂದೂ ತಿದ್ದಿದಾರೆ. ಯಾವ ಹುಡುಗಿಯಾದ್ರೂ ತನ್ನ ಮಾರ್ಕ್ಸ್ ತಾನೇ ಕಮ್ಮಿ ಮಾಡ್ಕೊತಾಳಾ?” ಆಮೇಲೆ ಎಲ್ಲ ಹೇಳಿದೆ. ಹರಳು, ಅದರೊಳಗಿನ ನೀರು, ಬ್ಯೂರೆಟ್ಟು, ಗುಲಾಬಿ ಬಣ್ಣ. ಚಾಚಾಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

“ಅಷ್ಟು ಜನದಲ್ಲಿ ಇವ್ಳೊಬ್ಳೇನಾ?”

“ಇವ್ಳೊಬ್ಳೇ, ಚಾಚಾ.”

ಅಷ್ಟು ಜನದ ಎದುರು ಒಬ್ಬರೇ ನಿಲ್ಲುವುದು ಎಂದರೇನು ಎಂದು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು, ಉರ್ದುವಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ಇಂಕು ಆರಲಿ ಎಂದು ಊದಿದರು.

“ಈ ಕೆಮಿಸ್ಟ್ರಿ ಅನ್ನೋದು,” ಎಂದರು ಮಗಳ ಕಡೆ ನೋಡದೆ, “ಓದೋಕೆ ಎಲ್ಲೀ ತನಕ ಇದೆ?”

ಮಗಳ ಓದು ಯಾವಾಗ ಮುಗಿಯುತ್ತೆ ಎಂದು ಕೇಳುವ ಅಪ್ಪಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲಿಯ ತನಕ ಇದೆ ಎಂದು ಕೇಳುವವರು ನಿಮ್ಮ ಮನೆಯಲ್ಲಿ ಇದ್ದಾರಾ?